ಒಂದೇ ಕಾಗದದ ಎರಡು ಮಾತು

ನನ್ನ ಅಣ್ಣನನ್ನು ಜೈಲಿಗೆ ಕಳಿಸಿದವನು ಅವನ ವಕೀಲನೇ ಎಂದು ಹಿರೇವಡ್ಡಟ್ಟಿಯಲ್ಲಿ ಈಗಲೂ ಹೇಳುವವರಿದ್ದಾರೆ. ಆ ಮಾತು ಹುಟ್ಟಿದ್ದು ನಮ್ಮ ಮನೆಯಲ್ಲಿ. ಅದಕ್ಕೆ ಸಹಿ ಹಾಕಿದವಳು ನಾನು.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ನನ್ನನ್ನು ಅಡರಕಟ್ಟಿಗೆ ಕೊಟ್ಟಿದ್ದರು. ಅದು ಅಲ್ಲಿಯವರೆಗೆ ಸಂಸ್ಥಾನದ ಊರು. ಸಂಸ್ಥಾನ ಹೋದರೂ ಮಾವನವರ ಗತ್ತು ಹೋಗಿರಲಿಲ್ಲ. ಹಿಂದಿನ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಬಂದ ಅಣ್ಣನ ಜೊತೆ ಮಾತಿಗೆ ಮಾತು ಬೆಳೆದು, "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದುಬಿಟ್ಟಿದ್ದರು. ಅಣ್ಣನೂ ಕಡಿಮೆಯವನಲ್ಲ, ತುಳಿಯಲಿಲ್ಲ. ಈ ಸಲ ಪಂಚಮಿ ಹತ್ತಿರ ಬಂದಾಗ, ಮನೆಯವರೆಲ್ಲ ಬೆಳೆಸಾಲಿನ ನಡುವೆ ಎಡೆ ಹೊಡೆಯಲು ಹೊಲಕ್ಕೆ ಹೋದ ಹೊತ್ತು ನೋಡಿ ಹಿತ್ತಲ ಬಾಗಿಲಿಗೆ ಬಂದ. ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿಯ ಗಂಟು ಕೊಟ್ಟ. ನಾನು ಬಸಿರಾದದ್ದು ತಿಳಿದು ನಕ್ಕ. ಗೋಡೆಗೊರಗಿ ಕೂತು ರೊಟ್ಟಿ ತಿಂದು, ಹೊತ್ತು ಇಳಿಯುವ ಮುಂದೆ ಎದ್ದು ಹೋದ. ಅವನು ಬಂದದ್ದನ್ನು ನಾನು ಅತ್ತೆಗೂ ಹೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಹಿರೇವಡ್ಡಟ್ಟಿಯಲ್ಲಿ, ನಮ್ಮ ಪಕ್ಕದ ಹೊಲದವನನ್ನು ಯಾರೋ ಕೊಡಲಿಯ ಕಾವಿನಿಂದ ಹೊಡೆದರು. ಆತ ಅಲ್ಲೇ ಸತ್ತ. ಹಿಂದಿನ ದಿನ ಬದುವಿನ ಸಲುವಾಗಿ ಅಣ್ಣ ಅವನ ಜೊತೆ ಜಗಳಾಡಿದ್ದು ಊರಿಗೆಲ್ಲ ಗೊತ್ತು. ಅಣ್ಣ ಓಡಿಹೋಗಿದ್ದನ್ನು ಕಣ್ಣಾರೆ ಕಂಡೆವೆಂದು ಇಬ್ಬರು ಹೇಳಿದರು. ಅಡರಕಟ್ಟಿಯಿಂದ ನಮ್ಮೂರಿಗೆ ಒಂದು ಹಗಲಿನ ದಾರಿ. ರಾತ್ರಿಯೆಲ್ಲ ನಡೆದು ಬೆಳಗ್ಗೆ ಊರು ಸೇರಿದವನನ್ನು ಪೊಲೀಸರು ಅಗಸಿ ಬಾಗಿಲಲ್ಲೇ ಹಿಡಿದರು. ದಾರಿಯಲ್ಲಿ ಅವನನ್ನು ನೋಡಿದವರು ಯಾರೂ ಸಿಗಲಿಲ್ಲ. ಆ ಮಧ್ಯಾಹ್ನ ಅವನು ಎಲ್ಲಿದ್ದನೆಂದು ಬಲ್ಲವಳು ನಾನೊಬ್ಬಳೇ.

ಅಪ್ಪ ಗದಗಿನ ಒಬ್ಬ ವಕೀಲರನ್ನು ಹಿಡಿದರು. ಹಣ್ಣಾದ ಮನುಷ್ಯ, ಬಣ್ಣ ಹೋದ ಕರಿಕೋಟು, ಮಾತಿಗೊಮ್ಮೆ ನಶ್ಯ ಏರಿಸುವ ಚಟ. ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಅವರು ಬಾಡಿಗೆ ಗಾಡಿ ಮಾಡಿಕೊಂಡು ನಮ್ಮ ಮನೆಗೇ ಬಂದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವರು ಆಡಿದ ಒಂದೊಂದು ಮಾತೂ ಕೇಳಿಸಿತು.

"ಯಜಮಾನ್ರ, ನಿಮ್ಮ ಮಗಳು ಕೋರ್ಟಿಗೆ ಬಂದು ಹೇಳಬೇಕ್ರಿ. ಬ್ಯಾರೆ ಸಾಕ್ಷಿ ಇಲ್ಲ," ಎಂದರು.

"ಅದೊಂದು ಬಿಟ್ಟು ಮಾತಾಡ್ರಿ," ಎಂದರು ಅಪ್ಪ. "ನಮ್ಮ ಮನಿ ಹೆಣ್ಣಮಕ್ಕಳು ಕಟಕಟಿ ಹತ್ತಂಗಿಲ್ಲ. ಹಿತ್ತಲ ಬಾಗಲದಿಂದ ಬಂದಾಂವ ಅಣ್ಣನೋ ಮತ್ಯಾರೋ ಅಂತ ಎದುರಿನ ವಕೀಲ ನಾಕ ಮಂದ್ಯಾಗ ಕೇಳಿದ್ರ, ಅಕಿ ಗಂಡನ ಮನ್ಯಾಗ ಬಾಳೇ ಮಾಡೂದು ಹ್ಯಾಂಗ?"

"ಹಂಗಾದ್ರ ಹುಡುಗನ್ನ ಉಳಸಾಕ ನನ್ನ ಕೈಲೆ ಆಗೂದಿಲ್ರಿ."

"ನಿಮಗ ಎಲ್ಲಾ ಖರೆ ಹೇಳೇವಲ್ರಿ. ನೀವ ಹೇಳ್ರಿ ಜಡ್ಜ್ ಸಾಹೇಬ್ರಿಗೆ."

ನಮ್ಮವರ ತಿಳುವಳಿಕೆ ಅಷ್ಟೇ. ದೊಡ್ಡ ಮನುಷ್ಯ ಕರಿಕೋಟು ತೊಟ್ಟು ನಿಂತು ಹೇಳಿದರೆ ಅದೇ ಸಾಕ್ಷಿ, ಮತ್ತೆ ಹೆಣ್ಣುಮಗಳನ್ನು ಕಚೇರಿಗೆ ಎಳೆಯುವುದೇಕೆ ಎಂದು. ವಕೀಲರು ಇನ್ನೊಮ್ಮೆ ಕೇಳಿದರು. ಅಪ್ಪ ಎದ್ದು ನಿಂತರು. ವಕೀಲರು ಬಾಗಿಲ ಕಡೆ ತಿರುಗಿ, ಸ್ವಲ್ಪ ದನಿ ಏರಿಸಿ, "ತಂಗಿ, ನಿನ್ನ ಮನಸಿನ್ಯಾಗ ಏನೈತಿ?" ಎಂದರು. ನನಗೆ ಆಗ ಹದಿನೆಂಟು. ಬಾಯಿ ಇರಲಿಲ್ಲವೆಂದಲ್ಲ, ಓರಗಿತ್ತಿಯರನ್ನು ಕೇಳಿದರೆ ನನ್ನ ಬಾಯಿಯ ಸುದ್ದಿ ಹೇಳುತ್ತಾರೆ. ಆ ದಿನ ಮಾತ್ರ ಒಲೆಯ ಮೇಲಿನ ಹಾಲು ನೋಡುತ್ತ ನಿಂತೆ. ಗಾಡಿ ಹೋದ ಸಪ್ಪಳ ಕೇಳಿತು.

ಧಾರವಾಡದ ಕೋರ್ಟಿನಲ್ಲಿ ಅಣ್ಣನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ನನ್ನ ಮಗ ಹುಟ್ಟಿ ಇಪ್ಪತ್ತು ದಿನವಾಗಿತ್ತು. ಅವ್ವ ಒಂದು ಕೈಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಬಂದವರೆದುರೆಲ್ಲ ವಕೀಲರನ್ನು ಬಯ್ಯುತ್ತ ಕೂತರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊರವರಿಗೂ ಅದೇ ರುಚಿಸಿತು. ವಕೀಲ ಎದುರು ಪಾರ್ಟಿಗೆ ಮಾರಿಕೊಂಡ ಎಂದರು, ನಶ್ಯದ ಅಮಲಿನಲ್ಲಿ ನಿದ್ದೆ ಹೋದ ಎಂದರು.

ಮುಂಬಯಿ ಹೈಕೋರ್ಟಿಗೆ ಅಪೀಲು ಹಾಕಲು ಧಾರವಾಡದ ಒಬ್ಬ ಹೊಸ ವಕೀಲರು ಸಿಕ್ಕರು. ಚುರುಕು ಮನುಷ್ಯ. ಕಾಗದಗಳನ್ನೆಲ್ಲ ನೋಡಿ, ಅಣ್ಣ ಆ ದಿನ ನನ್ನ ಹತ್ತಿರ ಇದ್ದದ್ದನ್ನು ಅಪ್ಪನಿಂದ ಕೇಳಿ, "ಮುಖ್ಯ ಸಾಕ್ಷಿನ್ನ ಕರದೇ ಇಲ್ಲಲ್ರಿ! ನಿಮ್ಮ ವಕೀಲ ಹುಡುಗನ್ನ ಕೈ ಬಿಟ್ಟಾನ ಅಂತ ತೋರಿಸಿದ್ರ ಅಪೀಲು ನಿಲ್ಲತೈತಿ," ಎಂದರು. ಯಾಕೆ ಕರೆಯಲಿಲ್ಲ ಎಂದು ಅವರು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ನಾನು ಕೋರ್ಟಿಗೆ ಹೋಗಬೇಕಿರಲಿಲ್ಲ, ಗದಗಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಒಂದು ಕಾಗದಕ್ಕೆ ಸಹಿ ಮಾಡಿದರೆ ಸಾಕಿತ್ತು. ಕಟಕಟೆ ಇಲ್ಲ ಎಂದ ಮೇಲೆ ಮಾವನವರೂ ಹೂಂ ಎಂದರು. ನನ್ನ ಗಂಡ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಅನ್ನುವ ಕೆಲಸ ಮಾವನವರದು.

ಆ ದಿನ ಗದಗಿನ ಪೇಟೆಯಲ್ಲಿ ಕರ್ನಾಟಕ ಒಂದಾಗಬೇಕೆಂದು ಕೂಗುತ್ತ ಮೆರವಣಿಗೆ ಹೊರಟಿತ್ತು. ನಮ್ಮ ಗಾಡಿ ದಾರಿ ಸಿಗದೆ ಬಹಳ ಹೊತ್ತು ನಿಂತಿತು. ಕಚೇರಿಯಲ್ಲಿ ಗುಮಾಸ್ತ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ. ಅದರಲ್ಲಿ ಎರಡು ಮಾತಿದ್ದವು. ಕೊಲೆಯಾದ ಹೊತ್ತಿಗೆ ನನ್ನ ಅಣ್ಣ ಅಡರಕಟ್ಟಿಯಲ್ಲಿ ನನ್ನ ಮುಂದೆ ಕೂತಿದ್ದ ಎಂಬುದು ಒಂದು. ವಕೀಲರು ನನ್ನನ್ನಾಗಲಿ ನನ್ನ ತಂದೆಯನ್ನಾಗಲಿ ಈ ವಿಷಯ ಒಮ್ಮೆಯೂ ಕೇಳಲಿಲ್ಲ ಎಂಬುದು ಇನ್ನೊಂದು.

ನಾನು ಅಪ್ಪನ ಕಡೆ ತಿರುಗಿ ಮೆಲ್ಲಗೆ, "ಅಪ್ಪಾ, ಅವರು ಮನಿಗೆ ಬಂದು ಕೇಳಿದ್ರಲ್ಲ," ಎಂದೆ.

"ನಿನಗ ಅಣ್ಣ ಬೇಕೋ, ವಕೀಲ ಬೇಕೋ?" ಎಂದರು ಅಪ್ಪ.

ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು ನಾನು. ನನ್ನ ಅಕ್ಷರ ದುಂಡಗಿದೆ ಎಂದು ಮಾಸ್ತರರು ಹೊಗಳುತ್ತಿದ್ದರು. ಅದೇ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದೆ.

ಹೈಕೋರ್ಟು ಹಳೆಯ ವಕೀಲರ ಉತ್ತರ ಕೇಳಿತು. ಅವರು ಸುಳ್ಳೆಂದು ಬರೆದರೆ ನಮ್ಮ ಅಪೀಲು ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಅವರಿಂದಲೇ ಅಪ್ಪನಿಗೊಂದು ಪತ್ರ ಬಂತು. ಅಪ್ಪನಿಗೆ ಓದಲು ಬರದು. ಹಬ್ಬಕ್ಕೆ ಬಂದಿದ್ದ ನಾನು ಓದಿದೆ. "ನೀವು ಬರೆಸಿದ್ದನ್ನು ನಾನು ಅಲ್ಲಗಳೆದಿಲ್ಲ. ಕೇಳದೆ ಇದ್ದದ್ದು ನನ್ನ ತಪ್ಪೆಂದೇ ಬರೆದಿದ್ದೇನೆ. ಹುಡುಗ ನಿರಪರಾಧಿ ಎಂಬುದು ನನಗೆ ಗೊತ್ತು. ಅವನು ಹೊರಗೆ ಬಂದರೆ ಸಾಕು. ಇನ್ನು ಮುಂದೆ ನನ್ನ ಮನೆಗೆ ಬರಬೇಡಿರಿ."

ಅಪ್ಪ ಇನ್ನೊಮ್ಮೆ ಓದು ಎನ್ನಲಿಲ್ಲ. ಪತ್ರ ಇಸಿದುಕೊಂಡು ಒಲೆಗೆ ಹಾಕಿದರು. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅದರ ಜೊತೆಗೇ, ನಿಮ್ಮ ಮುಂದೆ ಸುಳ್ಳೇಕೆ, ಅಣ್ಣ ಬಂದೇ ಬರುತ್ತಾನೆ ಎಂದು ಖುಷಿಯೂ ಆಯಿತು.

ತೀರ್ಪು ಬಂದಾಗ ಹೊಸ ವಕೀಲರು ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಹಳೆಯ ವಕೀಲರು ಕರ್ತವ್ಯ ಮರೆತವರು, ಇಂಥವರಿಂದ ಬಡ ಕಕ್ಷಿದಾರರು ಕೆಡುತ್ತಾರೆ ಎಂದು ನ್ಯಾಯಾಧೀಶರು ಕಟುವಾಗಿ ಬರೆದಿದ್ದರು. ತಂಗಿಯ ಮಾತು ಮಾತ್ರ ನಂಬಲು ಯೋಗ್ಯವಲ್ಲ ಎಂದಿದ್ದರು. ಅಣ್ಣ ತನ್ನ ಬಳಿ ಇದ್ದದ್ದು ನಿಜವಾಗಿದ್ದರೆ, ಯಾರೂ ಕೇಳದಿದ್ದರೂ ಒಡಹುಟ್ಟಿದವಳು ಇಷ್ಟು ದಿನ ಬಾಯಿಮುಚ್ಚಿಕೊಂಡು ಇರುತ್ತಿದ್ದಳೇ? ಇದು ಆಮೇಲೆ ಹುಟ್ಟಿಸಿದ ಕಥೆ. ಅಪೀಲು ವಜಾ.

ಒಂದೇ ಕಾಗದದಲ್ಲಿ ನಾನು ಒಂದು ಖರೆ, ಒಂದು ಸುಳ್ಳು ಹೇಳಿದ್ದೆ. ಮುಂಬಯಿಯ ಅಷ್ಟು ಓದಿದವರು ಸುಳ್ಳನ್ನು ನಂಬಿದರು, ಖರೆಯನ್ನು ಬಿಟ್ಟರು. ಅವರ ತಪ್ಪೇನು?

ಹಳೆಯ ವಕೀಲರಿಗೆ ಆಮೇಲೆ ಕೇಸು ಬರುವುದು ನಿಂತಿತಂತೆ. ಬೆಟಗೇರಿಯ ನೇಕಾರರಿಗೆ ಅರ್ಜಿ ಬರೆದುಕೊಡುತ್ತ ಕಚೇರಿ ಹೊರಗಿನ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದರೆಂದು ಕೇಳಿದೆ. ಒಮ್ಮೆ ಗದಗಿಗೆ ಹೋದಾಗ ದೂರದಿಂದ ಕಂಡೆ ಕೂಡ. ಸೆರಗು ಮುಂದೆಳೆದುಕೊಂಡು ಬೇರೆ ದಾರಿ ಹಿಡಿದೆ.

ತೀರ್ಪಾದ ಎರಡು ತಿಂಗಳಿಗೆ ಅಪ್ಪನ ಜೊತೆ ಜೈಲಿಗೆ ಹೋದೆ. ಅಣ್ಣನ ತಲೆ ಬೋಳಿಸಿದ್ದರು, ದವಡೆಯ ಎಲುಬು ಕಾಣುತ್ತಿತ್ತು. ಅಣ್ಣನೇ ನನಗೆ ಸಮಾಧಾನ ಹೇಳಿದ.

"ಅಳಬ್ಯಾಡ ತಂಗಿ. ನೀ ನನ್ನ ಸಲುವಾಗಿ ಗಂಡನ ಮನಿಯವ್ರನ್ನ ಎದುರು ಹಾಕ್ಕೊಂಡು ಬಂದು ಬರದುಕೊಟ್ಟಿ. ಯಾರ ಮಾಡ್ತಾರ? ಆ ವಕೀಲ ಮೊದಲ ನಿನ್ನ ಒಂದ ಮಾತು ಕೇಳಿದ್ರ, ನೀ ಓಡಿ ಬಂದು ಹೇಳತಿದ್ದಿ. ಹೌದಿಲ್ಲೋ?"

ಅಪ್ಪ ನೆಲ ನೋಡುತ್ತಿದ್ದರು. ಅಣ್ಣ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದ.

"ಹೌದಣ್ಣಾ," ಎಂದೆ.