ಹಾಳೆಯ ಹಿಂಬದಿಯಲ್ಲಿ ಬರೆದದ್ದು

ನಿನ್ನೆ ವಿದ್ಯಾರ್ಥಿಗಳಿಂದ ತಿದ್ದಲು ಬಂದ ಜರ್ನಲ್‌ಗಳ ಕಟ್ಟು ಬಿಚ್ಚಿದೆ. ಲೇಥ್ ಮಷೀನಿನ ಎಣ್ಣೆಯ ಘಾಟು ಮೂಗಿಗೆ ಬಡಿಯಿತು... ಕಾಕಾ ಪಕ್ಕದಲ್ಲಿ ಬಂದು ನಿಂತರೇನೋ ಅನಿಸಿ ತಿರುಗಿ ನೋಡಿದೆ.

ಈ ವರ್ಷವಷ್ಟೇ ಪಾಠ ಹೇಳಲು ಸೇರಿರುವ ಇದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಓದುವಾಗ, ಅವರು ವರ್ಕ್‌ಶಾಪಿನ ಸಹಾಯಕರು, ನಮಗೆಲ್ಲ ಕಾಕಾ. ತಮ್ಮೂರು ಕುಬಿಹಾಳದಿಂದ ಬಸ್ಸಿಗೆ ಬರುತ್ತಿದ್ದರು. ನಮ್ಮ ಬರವಣಿಗೆಯ ಬಗ್ಗೆ ಸರ್‌ಗಳಿಗೇ ಇಲ್ಲದ ಉಸಾಬರಿ ಅವರಿಗೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸುವರು. ಆಮೇಲೆ ಬರೆದಂತೆಯೇ, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ, ಮಷೀನಿನ ಮುಂದೆ ಮಾಡಿ ತೋರಿಸುವರು. ನಮಗದು ಪುಕ್ಕಟೆ ನಾಟಕ.

ನನ್ನ ಸರದಿ ಬಂತು. ಕಬ್ಬಿಣದ ಸಲಾಕೆಯನ್ನು ಲೇಥಿನ ತಿರುಗುವ ಹಿಡಿಕೆಯಾದ ಚಕ್‌ನಲ್ಲಿಟ್ಟು ಅದರ ಕೀಲಿಯಿಂದ ಬಿಗಿಯಬೇಕು, ಮಷೀನು ಚಾಲೂ ಮಾಡಬೇಕು ಎಂದು ಬರೆದಿದ್ದೆ. ಕಾಕಾ ಬಿಗಿದರು. ಕೀಲಿಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿನ ಮೇಲೆ ಬೆರಳಿಟ್ಟರು.

“ಒತ್ತಲೇನ ಯವ್ವಾ?”

ಚಕ್ ತಿರುಗಿದರೆ ಆ ಕೀಲಿ ಸಿಡಿದು ಅವರ ಮುಖಕ್ಕೇ ಬಡಿಯುತ್ತಿತ್ತು.

“ಬ್ಯಾಡ್ರೀ ಕಾಕಾ, ಕೀಲಿ ತಗೀರಿ!” ಎಂದು ಚೀರಿದೆ. ಮೇನ್ ಸ್ವಿಚ್ಚನ್ನು ಮೊದಲೇ ಬಂದ್ ಮಾಡಿದ್ದರೆಂದು ಆಮೇಲೆ ತಿಳಿಯಿತು.

“ಬಾಯಿಲೆ ಒದರಿದ್ದನ್ನ ಕೈಲೆ ಬರಿ. ಓದೋ ಮನಷ್ಯಾನ ಬಾಜು ನೀ ನಿಂತಿರಂಗಿಲ್ಲ,” ಅಂದರು. “ಎರಡೂ ಕಡೆ ತಿದ್ದು ಮತ್ತ.”

ಹಿಂಬದಿಯಲ್ಲಿ ಬರೆದೆ. ಮುಂಬದಿಯ ಇಂಗ್ಲಿಷ್ ಪುಟ ಕೆಡಿಸಲು ಮನಸ್ಸಾಗಲಿಲ್ಲ, ಅಕ್ಷರಗಳು ಅಷ್ಟು ಮುದ್ದಾಗಿ ಬಂದಿದ್ದವು. ತಿದ್ದಿದೆಯೇನು ಎಂದು ಕೇಳಿದಾಗ ಹೂಂ ಅಂದೆ. ಕಾಕಾ ನಂಬಿದರು. ಪರೀಕ್ಷೆ ಮುಗಿದ ಮೇಲೆ ಆ ಜರ್ನಲನ್ನು ನೋಡಿ ಬರೆಯಲು ಕಿರಿಯರಿಗೆ ಕೊಟ್ಟುಬಿಟ್ಟೆ...

ನಿನ್ನೆ ಓದಿದ ಮೊದಲ ಜರ್ನಲಿನಲ್ಲಿ ಕೀಲಿ ತೆಗೆಯುವ ಮಾತೇ ಇರಲಿಲ್ಲ. ಕೊನೆಯಲ್ಲಿ, ಕೆಲಸ ಬಲು ಆನಂದದಿಂದ ಮುಗಿಯಿತು ಎಂದಿತ್ತು. ಆ ಹುಚ್ಚು ವಾಕ್ಯ ನನ್ನದು, ಅಂದು ಹುಡುಗಾಟಕ್ಕೆ ಸೇರಿಸಿದ್ದು. ಎರಡನೆಯದು, ಮೂರನೆಯದು... ಎಲ್ಲದರಲ್ಲೂ ಅದೇ ಆನಂದ. ಹಿಂಬದಿ ಖಾಲಿ. ಇಷ್ಟು ವರ್ಷಗಳಲ್ಲಿ ಯಾರಿಗಾದರೂ ಏನಾದರೂ ಆಗಿತ್ತೇ... ಕೇಳಲು ಧೈರ್ಯ ಬರಲಿಲ್ಲ.

ಇವತ್ತು ಒಬ್ಬ ಹುಡುಗಿಯನ್ನು ಕರೆದು ಅವಳ ಜರ್ನಲಿನ ಆ ಪುಟ ತೋರಿಸಿದೆ.

“ಎಲ್ಲಾರೂ ಹಿಂಗ ಬರೀತಾರ್ರಿ ಮೇಡಂ, ಮೊದಲಿಂದನೂ,” ಅಂದಳು.

ಮೊದಲು ಬರೆದವಳು ನಾನೇ ಎಂದು ಯಾರ ಮುಂದೆ ಹೇಳಲಿ? ನಾನು ಇಲ್ಲಿಗೆ ಮರಳುವ ಹೊತ್ತಿಗೆ ಕಾಕಾ ತೀರಿಕೊಂಡಿದ್ದರು. ನನ್ನ ಹೂಂ ಸುಳ್ಳೆಂದು ಅವರಿಗೆ ತಿಳಿಯಲೇ ಇಲ್ಲ.

ಹುಡುಗಿಯನ್ನು ವರ್ಕ್‌ಶಾಪಿಗೆ ಕರೆದೊಯ್ದೆ. ಮೇನ್ ಬಂದ್ ಮಾಡಿ, ಅವಳು ಬರೆದಂತೆಯೇ ಸಲಾಕೆ ಬಿಗಿದೆ. ಕೀಲಿಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

“ಒತ್ತಲೇನ ಯವ್ವಾ?”

ಅವಳು ತನ್ನ ಜರ್ನಲನ್ನೊಮ್ಮೆ ನೋಡಿಕೊಂಡಳು.

“ಒತ್ರಿ ಮೇಡಂ,” ಅಂದಳು.