ಉಸಿರಲ್ಲಿ ತೊಳೆದ ರವಿಕೆ ಕಣ

ಮೇಡಂ ಅವರ ಬೆರಳ ತುದಿಗಳು ಸದಾ ಸುಲಿದಿರುತ್ತಿದ್ದವು. ಈರುಳ್ಳಿಯ ಒಳಪದರದ ಹಾಗೆ ಬಿಳಿ ಚರ್ಮ ಎದ್ದಿರುತ್ತಿತ್ತು. ಸೋಪಿನ ಸಂಶೋಧನೆ ಮಾಡುವವರ ಕೈಯನ್ನು ಸೋಪೇ ತಿಂದಿತ್ತು. ಸಂಜೆ ದೀಪಕ್ಕೆ ಹಾಕಿ ಬಟ್ಟಲಲ್ಲಿ ಉಳಿದ ನಾಲ್ಕು ಹನಿ ಎಣ್ಣೆಯನ್ನು ನಾನು ಅವರ ಬೆರಳಿಗೆ ಸವರುತ್ತಿದ್ದೆ. ಮಕ್ಕಳ ಹಾಗೆ ಎರಡೂ ಕೈ ಚಾಚಿ ಕೂತಿರುತ್ತಿದ್ದರು.

ನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆ ಕೋಣೆಗೆ ಬಾಡಿಗೆಗೆ ಬಂದವರು ಅವರು. ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ. ರಜೆ ಸಿಕ್ಕರೆ ಕೋಸಗಿ ಮೇಲೆ ಹೋಗುವ ಬಸ್ಸು ಹಿಡಿದು ಹೈದರಾಬಾದಿನ ಲ್ಯಾಬಿಗೆ. ಐವತ್ತರ ಹತ್ತಿರ ಬಂದ ಮೇಲೆ ಪಿಎಚ್‌ಡಿ ಹಿಡಿದಿದ್ದರು. ಮನೆಮಾತು ತೆಲುಗು. ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದರು, ಖುಷಿಯಾದಾಗ ಮಾತ್ರ ತೆಲುಗಿಗೆ ಹೊರಳುತ್ತಿದ್ದರು.

ನಮ್ಮತ್ತೆಯ ತವರು ಗದ್ವಾಲ. ಅವರ ತಾಯಿ ಕೊಟ್ಟ ಸೀರೆ ಸವೆದು ಹೋಗಿ, ಅದರ ಜೋಡಿ ರವಿಕೆ ಕಣ, ಇನ್ನೂ ಹೊಲಿಯದ ಬಟ್ಟೆಯ ತುಂಡು, ಒಂದೇ ಉಳಿದಿತ್ತು. ಬಿಳಿ ಹತ್ತಿ, ಕೆಂಪು ರೇಷ್ಮೆ ಅಂಚು. ಅದರ ಮೇಲೆ ತವರಿನಲ್ಲೇ ಯಾವಾಗಲೋ ಪಾನಕ ಚೆಲ್ಲಿ ಕಂದು ಕಲೆಯಾಗಿತ್ತು. ನೀರಿಗೆ ಹಾಕಿದರೆ ಕೆಂಪು ಬಿಟ್ಟು ಬಿಳಿಗೆ ಹತ್ತುತ್ತದೆಂದು ಹಾಗೇ ಟ್ರಂಕಿನಲ್ಲಿಟ್ಟಿದ್ದರು. “ಮೊಮ್ಮಗಳ ಮದುವ್ಯಾಗ ಇದರ ಕುಬಸ ತೊಡಬೇಕಂತಿದ್ದೆ” ಎಂದು ಅತ್ತೆ ಒಂದು ದಿನ ಅದನ್ನು ಬಿಚ್ಚಿ ತೋರಿಸಿದರು.

“ನೀರಾಗ ಹಾಕಬ್ಯಾಡ್ರಿ ಅಮ್ಮಾ. ನಾ ಗಾಳ್ಯಾಗ ತೊಳದು ಕೊಡತೀನಿ” ಎಂದರು ಮೇಡಂ.

“ಯಾ ಗಾಳಿ?”

“ನಾವು ಉಸಿರು ಬಿಡತೀವಲ್ರಿ, ಅದಾ ಗಾಳಿ. ಒತ್ತಿ ಒತ್ತಿ ಬೆಚ್ಚಗ ಮಾಡಿದ್ರ ನೀರಿನಂಗ ತುಂಬಕೋತೈತಿ.”

ಅತ್ತೆ ಕಣವನ್ನು ಎದೆಗೆ ಹಿಡಿದುಕೊಂಡರು. ತುಳಸಿಗೆ ನೀರೆರೆಯುವಾಗಲೂ ಉಸಿರು ತಾಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವವರು ಅವರು. “ನಮ್ಮ ಮನ್ಯಾಗ ದೀಪಾನೂ ಬಾಯಿಲೆ ಊದಿ ಆರಸಂಗಿಲ್ಲ. ನಮ್ಮವ್ವನ ಕಣ ಎಂಜಲ ಮಾಡ್ತೀಯೇನ?”

ಮೇಡಂ ಅಂಗಳದತ್ತ ಕೈ ತೋರಿಸಿದರು. “ಆ ತುಳಸಿ ಎಲಿ ಉಣ್ಣೂದು ಅದಾ ಗಾಳಿನ್ರಿ. ತುಳಸಿ ಊಟ ಎಂಜಲು ಹೆಂಗಾಗತೈತಿ?”

ಅತ್ತೆ ತುಳಸಿಯತ್ತ ತಿರುಗಿ ನೋಡಿದರು. ಆಮೇಲೆ “ಕಾಲೇಜಿನ ಬಾಯಿ ನಿಂದು” ಎಂದು ಕಣವನ್ನು ಅವರ ಮಡಿಲಿಗೆ ಹಾಕಿದರು. “ನಮ್ಮವ್ವಂದು ಇದೊಂದಾ ಐತಿ. ನೆಪ್ಪಿಟ್ಟುಕೋ.”

ಆದರೆ ಮೇಡಂ ತೊಳೆಯಲಿಲ್ಲ. ತಿಂಗಳುಗಳಾದರೂ ಕಣ ಅವರ ಪೆಟ್ಟಿಗೆಯಲ್ಲೇ ಇತ್ತು. ನಾನು ಹೂಬತ್ತಿ ಹೊಸೆಯುತ್ತಾ ಕೂತಿದ್ದಾಗ ಯಾಕೆ ಇನ್ನೂ ತೊಳೆದಿಲ್ಲವೆಂದು ಕೇಳಿಯೇಬಿಟ್ಟೆ. ಅವರು ಒಂದು ಹೂಬತ್ತಿ ಎತ್ತಿಕೊಂಡರು.

“ನನ್ನ ಸೋಪಿನ ಒಂದೊಂದು ಅಣು ಹಿಂಗಾ ಐತಿ ನೋಡ್ರಿ. ಬುಡ ದುಂಡಗ, ಮ್ಯಾಲೊಂದು ಬಾಲ. ಪಾನಕದ ಕಲಿಗೆ ಚೂರು ನೀರು ಬೇಕು. ಆ ಹನಿ ಹಿಡಕೊಳ್ಳೂದು ಬುಡ. ಗಾಳಿ ಕೂಡ ಬೆರಿಯೂದು ಬಾಲ. ಬಾಲ ಉದ್ದ ಇದ್ರ ಒಂದಕ್ಕೊಂದು ಅಂಟಿ ಕಟ್ಟಾಗಿ ತಳಕ್ಕ ಕೂಡತೈತಿ. ಕರಗಾಂಗಿಲ್ಲ.” ಬತ್ತಿಯ ಬಾಲವನ್ನು ಗಿಡ್ಡ ಮಾಡಿ, ಎಳೆ ಬಿಡಿಸಿ, ಕವಲು ಮಾಡಿದರು. “ಹಿಂಗ ಕವಲೊಡದ್ರ ನಡುವ ಗಾಳಿ ಹೊಗತೈತಿ. ಇದನ್ನ ಮಾಡಾಕ ಹೊಂಟೀನಿ.”

“ಬ್ಯಾರೆ ಸೋಪಿಲ್ಲೇನ್ರಿ?”

“ಫ್ಲೋರಿನ್ ಬಾಲದ್ದು ಐತ್ರಿ, ಜಲ್ದಿ ಕರಗತೈತಿ. ಆದ್ರ ಆಮ್ಯಾಲೆ ಮಣ್ಣಾಗ, ನೀರಾಗ ಹಂಗಾ ಉಳಕೋತೈತಿ. ಅಮ್ಮನ ಕಣ ತೊಳದು, ನಿಮ್ಮ ಮೊಮ್ಮಕ್ಕಳು ಕುಡಿಯೂ ನೀರು ಕೆಡಿಸ್ಲೇನು?”

ಮಗಳ ಮದುವೆ ಹತ್ತಿರ ಬಂತು. “ಎಲ್ಲಿಗೆ ಬಂತs ನಿನ್ನ ಗಾಳಿ?” ಎಂದು ಅತ್ತೆ ದಿನಾ ಕೆಣಕುತ್ತಿದ್ದರು. ಮೇಡಂ ನಗುತ್ತಿದ್ದರು, ಆದರೆ ಬೆರಳು ಇನ್ನೂ ಹೆಚ್ಚು ಸುಲಿದಿದ್ದವು. ಮಾತ್ರೆ ನುಂಗುವುದನ್ನೂ ಆಗ ನೋಡಿದೆ. ಕೇಳಿದರೆ, “ಏನಿಲ್ರಿ” ಎಂದರು.

ಮಕ್ತಲ್‌ನಲ್ಲಿ ಬೀಗರ ಮನೆಯಲ್ಲಿ ನಾವಿದ್ದಾಗ ಲ್ಯಾಬಿನಿಂದ ಮೇಡಂ ಫೋನು ಮಾಡಿದರು. “ಕರಿಗಿಂದಿ ಅಮ್ಮಾ, ಕರಿಗಿಂದಿ!” ಅಂಗೈಯಷ್ಟು ಉಕ್ಕಿನ ಡಬ್ಬಿಗೆ ಒಂದು ಕಿಟಕಿ ಇದೆಯಂತೆ. ಇಷ್ಟು ದಿನ ಒಳಗೆ ಮಬ್ಬು ಕಾಣುತ್ತಿದ್ದದ್ದು ಅವತ್ತು ಸೋಪು ಕರಗಿ ತಿಳಿಯಾಯಿತಂತೆ. ಮೊದಲು ತಮ್ಮದೇ ಹಳೆ ಸೀರೆಯ ತುಂಡು ತೊಳೆದು ನೋಡಿ, ಕೊನೆಗೆ ಕಣವನ್ನು ಮಡಚಿ ಡಬ್ಬಿಯೊಳಗೆ ಇಟ್ಟರಂತೆ.

ಕಣ ಒಣಗಿಯೇ ಬಂತು. ಕಲೆಯ ನೆರಳೊಂದು ಉಳಿದಿತ್ತು. ಮೇಡಂ ಅದಕ್ಕೇ ಮುಖ ಸಪ್ಪೆ ಮಾಡಿಕೊಂಡಿದ್ದರು. ಅತ್ತೆ ಮಾತ್ರ ಕೆಂಪು ಅಂಚಿಗೆ ಕಣ್ಣು ಹಚ್ಚಿ ನೋಡಿದರು. ಒಂದೆಳೆ ಕೆಂಪೂ ಬಿಳಿಗೆ ಇಳಿದಿರಲಿಲ್ಲ.

“ನೆರಳು ಇರ‍್ಲಿ ಬಿಡs. ಅದೂ ನಮ್ಮವ್ವನ ಮನ್ಯಾಗಿಂದs” ಎಂದು ಅತ್ತೆ ಅವರ ಸುಲಿದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಮದುವೆಯಲ್ಲಿ ಆ ಕುಬಸವನ್ನೇ ತೊಟ್ಟರು. ದೇವರು ನನಗೆ ಕೊಟ್ಟ ಸಣ್ಣ ಸಣ್ಣ ಉಪಕಾರಗಳಲ್ಲಿ ಆ ದಿನವನ್ನು ಮೊದಲು ಎಣಿಸುತ್ತೇನೆ.

ಮುಂದಿನ ಮಳೆಗಾಲಕ್ಕೆ ಮೇಡಂ ಇರಲಿಲ್ಲ. ಮಾತ್ರೆಗೆ ಬಗ್ಗುವ ಕಾಯಿಲೆ ಅದಾಗಿರಲಿಲ್ಲ.

ಸುದ್ದಿ ಬಂದ ಬೆಳಿಗ್ಗೆ ಅತ್ತೆ ಎಂದಿನಂತೆ ತುಳಸಿಗೆ ನೀರೆರೆಯಲು ಹೋದರು. ಬಾಯಿಗೆ ಹಿಡಿದಿದ್ದ ಸೆರಗನ್ನು ಮೆಲ್ಲಗೆ ಸರಿಸಿದರು. ಎಲೆಗಳ ಹತ್ತಿರ ಬಾಗಿ, ಒಂದು ಉದ್ದ ಉಸಿರು ಬಿಟ್ಟರು.

ನಾನು ನೋಡುತ್ತಿದ್ದದ್ದು ಗೊತ್ತಾಗಿ, ತಿರುಗದೆಯೇ ಹೇಳಿದರು:

“ಉಣ್ಣತೈತಂತ ಹೇಳಿದ್ಲಲ್ಲs. ಉಣ್ಣಲಿ.”