ಮೂವತ್ತೆರಡರ ಕಾಗದ

ಬೈಲಹೊಂಗಲದ ನಮ್ಮ ಮನೆಯ ನಡುಮನೆಯಲ್ಲಿ, ಹೊಲಿಗೆ ಮಷಿನ್ನಿನ ಮೇಲಿನ ಮೊಳೆಗೆ, ಸೀರೆಯ ಜೊತೆ ತೊಡುವ ಜಂಪರದ ಕಾಗದದ ಕಟಿಂಗ್‌ಗಳು ತೂಗಾಡುತ್ತವೆ. ಮೂವತ್ತರಿಂದ ನಲವತ್ತೆರಡು ಇಂಚಿನ ತನಕ, ಒಂದೊಂದು ಎದೆಸುತ್ತಳತೆಗೆ ಒಂದೊಂದು. ಮದುವೆಯ ಕಾಲದ ಜಂಪರವನ್ನು ಅಳತೆಗೆಂದು ಕಳಿಸುವ ಹೆಂಗಸರನ್ನು ನಾನು ಬೈಯದೇ ಬಿಟ್ಟಿದ್ದಿಲ್ಲ. ಜಂಪರ ಇದ್ದಷ್ಟೇ ಇರುತ್ತದೆ, ಮೈ ಇರುವುದಿಲ್ಲ, ನೀವೇ ಬಂದು ನಿಲ್ಲಿರಿ ಎನ್ನುತ್ತೇನೆ. ಊರಿಗೆಲ್ಲ ಇಷ್ಟು ಬುದ್ಧಿ ಹೇಳುವವಳು ಸ್ವಂತ ತಂಗಿಯ ವಿಷಯದಲ್ಲಿ ದಡ್ಡಿಯಾದೆ.

ತಂಗಿಯನ್ನು ಕೊಟ್ಟದ್ದು ರಾಮದುರ್ಗಕ್ಕೆ. ಹೋದ ವರ್ಷ ಅವಳ ಬಸಿರಿಗೆ ಏಳು ತಿಂಗಳಾದಾಗ ಕುಬಸ, ಅಂದರೆ ಸೀಮಂತ, ಮಾಡುವುದೆಂದಾಯಿತು. ಹಸಿರು ಸೀರೆ, ಹೊಸ ಜಂಪರ ತವರಿನಿಂದಲೇ ಹೋಗಬೇಕು. ಅವ್ವ ತೀರಿಕೊಂಡಾಗ ತಂಗಿಗೆ ಒಂಬತ್ತು ವರ್ಷ. ಹಾಗಾಗಿ ಅವಳ ತವರು ಎಂದರೆ ನಾನೇ. ಅವ್ವನ ಟ್ರಂಕಿನಲ್ಲಿ ಒಂದು ಕೆಂಪು ಖಣ ಉಳಿದಿತ್ತು. ಒಂದೇ ಜಂಪರಕ್ಕಾಗುವಷ್ಟು. ಇದನ್ನು ತೊಟ್ಟೇ ಅವಳು ಮಣೆಯ ಮೇಲೆ ಕೂರಬೇಕು ಎಂದು ನಾನು ಹಟ ಹಿಡಿದೆ.

ಫೋನಿನಲ್ಲಿ ತಂಗಿ, "ಅಕ್ಕಾ, ಅಳತಿ ತಗೊಂಡು ಕಳಸ್ಲೇನು?" ಎಂದು ಕೇಳಿದ್ದಳು. ನನಗೆ ರೇಗಿತು. "ನಿನ್ನ ಅಳತಿ ನನಗ ನೀ ಹೇಳಬೇಕೇನ?" ಎಂದು ಫೋನಿಟ್ಟೆ. ಮೊಳೆಯಿಂದ ಮೂವತ್ತೆರಡರ ಕಾಗದ ತೆಗೆದು, ಖಣದ ಮೇಲೆ ಹಾಸಿ ಕತ್ತರಿಸಿಯೇಬಿಟ್ಟೆ. ಉಳಿದ ಚೂರು ಹುಕ್ಕಿನ ಪಟ್ಟಿಗೆ ಹೋಯಿತು. ಮುಂದೆ ಬಿಚ್ಚಿ ಸಡಿಲಿಸಲೆಂದು ಒಳಗೆ ಅರ್ಧ ಇಂಚಿನಷ್ಟೂ ಬಟ್ಟೆ ಬಿಡಲು ಆಗಲಿಲ್ಲ.

ಮನೆಮಂದಿಯೆಲ್ಲ ಹೋಳಿಗೆ, ಕರ್ಚಿಕಾಯಿಯ ಬುಟ್ಟಿಗಳನ್ನು ಹೊತ್ತು, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟಿದೆವು. ಒಳಕೋಣೆಯಲ್ಲಿ ತಂಗಿಗೆ ಜಂಪರ ತೊಡಿಸಲು ಹೋದರೆ ತೋಳು ಮೊಣಕೈಯಿಂದ ಮೇಲೆ ಏರಲೊಲ್ಲದು. ಹೇಗೋ ಏರಿಸಿದರೆ ಎದೆಯ ಮೇಲೆ ನಾಲ್ಕು ಬೆರಳು ಅಂತರ. ತುಂಬಿಕೊಂಡ ಬಸುರಿ ಹೆಂಗಸು ಕಣ್ಣೆದುರು ನಿಂತಿದ್ದಳು. ನಾನು ಹೊಲಿದದ್ದು ಮದುವೆಗೆ ಮುಂಚಿನ ಹುಡುಗಿಗೆ. ತಪ್ಪು ನನ್ನದಿದ್ದರೂ, ಹೇಳಬಾರದೇನು ಎಂದು ಅವಳನ್ನೇ ಗದರಿದೆ. ಅವಳು ಅಳತೊಡಗಿದಳು.

ಅಷ್ಟರಲ್ಲಿ ಅವಳ ಅತ್ತೆ ಒಳಗೆ ಬಂದರು. ಮದುವೆಯಲ್ಲಿ ಈ ಬೀಗತಿ ತಂಗಿಗೆ ನಾನು ಹೊಲಿದ ಜಂಪರ ನೋಡಿ, ತೋಳು ಬಿಗಿಯಾಯಿತು ಎಂದಿದ್ದರು. ಅಂದಿನಿಂದ ನಾನು ಅವರೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ. ಇನ್ನು ಊರ ಹೆಂಗಸರ ಮುಂದೆ ನನ್ನ ಮರ್ಯಾದೆ ಹೋಯಿತು, ಅವ್ವನ ಖಣವೂ ಕೆಟ್ಟಿತು ಎಂದು ಗೋಡೆಗೆ ಆತು ನಿಂತೆ.

ಅವರು ಜಂಪರವನ್ನು ಬೆಳಕಿಗೆ ಹಿಡಿದು ನೋಡಿದರು. ಬಾಗಿಲ ಅಗುಳಿ ಹಾಕಿದರು. "ನೀ ಬೆಳೆಸಿದ ಹುಡುಗಿ ನಿನ್ನ ಕಣ್ಣಾಗ ಯಾವಾಗ್ಲೂ ಸಣ್ಣಾಕಿನ. ಇದರಾಗ ಅಳೂದೇನೈತಿ, ಇಲ್ಲಿ ಕೊಡು" ಎಂದರು.

ತಮಗೆಂದು ತಂದಿಟ್ಟಿದ್ದ ಹಸಿರು ಖಣವನ್ನು ಕಪಾಟಿನಿಂದ ತೆಗೆದು, ನಾನು ಬೇಡವೆನ್ನುವ ಮೊದಲೇ ಕತ್ತರಿ ಆಡಿಸಿ ಎರಡು ಪಟ್ಟಿ ಮಾಡಿದರು. ಬಗಲಿನ ಹೊಲಿಗೆ ಬಿಚ್ಚಿ, ತೋಳಿನೊಳಕ್ಕೂ ಹೋಗುವಂತೆ ಪಟ್ಟಿ ಕೂಡಿಸಬೇಕಿತ್ತು. ಒಂದು ಬಗಲು ಅವರು, ಇನ್ನೊಂದು ನಾನು, ಎದುರುಬದುರು ಕುಳಿತು ಕೈಸೂಜಿಯಲ್ಲೇ ಹೊಲಿದೆವು. ಹೊರಗಿನಿಂದ ಯಾರೋ ಬಾಗಿಲು ಬಡಿದರೆ, ಹುಡುಗಿ ದಣಿದಾಳೆ, ಚಹಾ ಕುಡಿಯುತ್ತ ಕೂಡ್ರಿ ಎಂದು ಒಳಗಿಂದಲೇ ಹೇಳಿದರು. ಅವರ ಹೊಲಿಗೆ ನನ್ನದಕ್ಕಿಂತ ಸಣ್ಣಗಿತ್ತು. ಒಪ್ಪಿಕೊಳ್ಳದೆ ಗತಿಯಿಲ್ಲ.

ತಂಗಿ ಅವ್ವನ ಖಣ ತೊಟ್ಟು ಮಣೆಯ ಮೇಲೆ ಕುಳಿತಳು. ಹಸಿರು ಪಟ್ಟಿ ಸೆರಗಿನಡಿ ಯಾರಿಗೂ ಕಾಣಲಿಲ್ಲ. ಬೀಗತಿ ಆ ದಿನವಾಗಲಿ ಆಮೇಲಾಗಲಿ ಯಾರ ಮುಂದೆಯೂ ಈ ಮಾತು ಎತ್ತಲಿಲ್ಲ. ಎರಡು ವರ್ಷ ಇಂಥವರ ಮೇಲೆ ಮುನಿಸು ಸಾಕಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವರ ಋಣ ತೀರುವಂಥದ್ದಲ್ಲ.

ಊಟವಾಗಿ ಹೊರಡುವ ಮುಂಚೆ ಅವರ ಖಣ ಹಾಳಾದದ್ದಕ್ಕೆ ನಾನೇ ಒಂದು ಜಂಪರ ಹೊಲಿದುಕೊಡುತ್ತೇನೆಂದು ಚೀಲದಿಂದ ಟೇಪು ತೆಗೆದೆ. ಅವರ ಕಣ್ಣು ನನ್ನ ತೋಳಿನ ಮೇಲಿತ್ತು. ಜಂಪರದ ಅಂಚು ಅಲ್ಲಿ ಕೆಂಪಗೆ ಬರೆ ಎಳೆದಿತ್ತು.

"ನಿನ್ನ ಅಳತಿ ಯಾರು ತಗೋತಾರವಾ?" ಎಂದು ಕೇಳಿದರು.

ನಾನೇ ಎಂದೆ. ನಮ್ಮ ಬೆನ್ನು ನಮಗೆ ಕಾಣದು, ಟೇಪು ಹಿಂದೆ ಎಲ್ಲಿ ಜಾರಿದೆ ಎಂದೂ ತಿಳಿಯದು. ಅವರು ನನ್ನ ಕೈಯಿಂದ ಟೇಪು ತೆಗೆದುಕೊಂಡು, ಹಿಂದೆ ಬಂದು ನಿಂತು, ಎದೆಯ ಸುತ್ತ ಸಾವಕಾಶವಾಗಿ ಹಾಯಿಸಿದರು. ಅವ್ವ ಹೋದ ಮೇಲೆ ನನ್ನನ್ನು ಹೀಗೆ ನಿಲ್ಲಿಸಿ ಅಳತೆ ತೆಗೆದವರೇ ಇರಲಿಲ್ಲ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅವರು ನೋಡಿಯೂ ನೋಡದವರಂತೆ ಮೂವತ್ತೆಂಟು ಎಂದರು. ನಾನು ಎಷ್ಟೋ ವರ್ಷಗಳಿಂದ ನನ್ನ ಜಂಪರಗಳನ್ನು ಮೂವತ್ತನಾಲ್ಕಕ್ಕೆ ಕತ್ತರಿಸಿಕೊಳ್ಳುತ್ತಿದ್ದೆ.